ಡ್ಯಾಶ್‌ಕ್ಯಾಮ್ ಮೀಮಾಂಸೆ: ಕೋಪರಖೈರಣೆ ಪಾಠ

ಶಬ್ದನಿಷ್ಪತ್ತಿಯಿಂದಲೇ ತೊಡಗೋಣ. ಕುದುರೆಗಾಡಿಯ ಕಾಲದಲ್ಲಿ ಗೊರಸು ಎರಚುವ ಕೆಸರು ಸಾರಥಿಯ ಮೈಗೆ ಹಾರದಂತೆ ಮುಂದೆ ಕಟ್ಟುತ್ತಿದ್ದ ಹಲಗೆಯೇ ಡ್ಯಾಶ್‌ಬೋರ್ಡು. ಇದು ಆಂಗ್ಲ ಮತ. ಕನ್ನಡ ಸಂಪ್ರದಾಯದಲ್ಲಾದರೋ ‘ಡ್ಯಾಶ್’ ಶಬ್ದಕ್ಕೆ ‘ಹೊಡೆ’ ಧಾತುವೇ ನಿತ್ಯ ಸಂಗಾತಿ. ಪ್ರಯೋಗ: ‘ಟೆಂಪೋದವ ಡ್ಯಾಶ್ ಹೊಡೆದ.’ ಆದ್ದರಿಂದ ಡ್ಯಾಶ್‌ಕ್ಯಾಮ್ ಎಂದರೆ ಹೊಡೆದದ್ದನ್ನೂ ಆಮೇಲಿನ ಕೆಸರೆರಚಾಟವನ್ನೂ ದಾಖಲಿಸುವ ಯಂತ್ರ. ಎರಡೂ ಮತಗಳ ಸಮನ್ವಯ ನೋಡಬೇಕೆನ್ನುವವರು ಜುಲೈ ತಿಂಗಳಲ್ಲಿ ನವಿ ಮುಂಬಯಿಯ ಕೋಪರಖೈರಣೆಯ ತೀನ್ ಟಾಕಿಗೆ ಬರಬಹುದು.

2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ನಗರದ ಮೇಲೆ ಉಲ್ಕೆ ಸಿಡಿದಾಗ ಅದನ್ನು ಲೋಕಕ್ಕೆ ತೋರಿಸಿದ್ದು ಅಲ್ಲಿನ ಕಾರುಗಳ ಕ್ಯಾಮೆರಾಗಳೇ. ಮಹಾಪೆ ಸಿಗ್ನಲ್ಲಿನಲ್ಲಿ ಉಲ್ಕೆ ಬಿದ್ದರೂ ಹಿಂದಿನವ ಹಾರ್ನ್ ಹೊಡೆಯುತ್ತಾನಾದ್ದರಿಂದ ಇಲ್ಲಿ ಉಲ್ಕೆಯ ಚರ್ಚೆ ಕೈಬಿಟ್ಟಿದೆ.

ಪೂರ್ವಪಕ್ಷದವರು ಹೇಳುತ್ತಾರೆ: ಲೆನ್ಸ್ ಅಗಲವಾದಷ್ಟೂ ಸತ್ಯ ಹೆಚ್ಚು ಸಿಗುತ್ತದೆ. ಅಲ್ಲ. 170 ಡಿಗ್ರಿಯ ಲೆನ್ಸಿನಲ್ಲಿ ಎರಡೂ ಬದಿಯ ವಡಾಪಾವ್ ಗಾಡಿಗಳು ಸಿಗುತ್ತವೆ. ಡ್ಯಾಶ್ ಹೊಡೆದು ಓಡಿದವನ ನಂಬರ್ ಪ್ಲೇಟು ಮಾತ್ರ ಸಾಸಿವೆ ಕಾಳಾಗುತ್ತದೆ. ಅದು ಎಂಎಚ್ 43 ವಾಶಿಯದೋ ಎಂಎಚ್ 04 ಠಾಣೆಯದೋ ಎಂಬುದು ಊಹೆಗೆ ಬಿಟ್ಟದ್ದು. 140 ಧಾರಾಳ ಸಾಕು.

ಇನ್ನು ಜಿ-ಸೆನ್ಸರ್. ಇದು ಪಂಚೇಂದ್ರಿಯಗಳಿಗೆ ಸೇರದ, ಅತಿ ಮುಗ್ಧವಾದ ಆರನೆಯದು. ಕ್ಯಾಮೆರಾ ಮೂರು ಮೂರು ನಿಮಿಷದ ತುಣುಕು ಮಾಡಿ, ಕಾರ್ಡು ತುಂಬಿದಂತೆ ಹಳೆಯದರ ಮೇಲೆ ಹೊಸದನ್ನು ಬರೆಯುತ್ತದೆ. ಕಾರು ಕುಲುಕಿದರೆ ಮಾತ್ರ, ಅಪಘಾತವಾಯಿತೆಂದು ಬಗೆದು, ಆ ತುಣುಕು ಅಳಿಯದಂತೆ ಬೀಗ ಜಡಿಯುತ್ತದೆ. ಮನೆಯಿಂದ ಹೊರಟು ಠಾಣೆ-ಬೇಲಾಪುರ ರಸ್ತೆ ಸೇರುವಷ್ಟರಲ್ಲಿ ನನ್ನ ಯಂತ್ರ ಹನ್ನೊಂದು ಅಪಘಾತ ಕಂಡಿತ್ತು: ಒಂಬತ್ತು ಹೊಂಡ, ಒಂದು ಸ್ಪೀಡ್‌ಬ್ರೇಕರ್, ಒಂದು ನನ್ನವಳು ಬಾಗಿಲು ಹಾಕಿದ ರೀತಿ. ವಾರದೊಳಗೆ 64 ಜಿಬಿ ಕಾರ್ಡಿನ ತುಂಬ ಬೀಗಗಳೇ. ಸೆನ್ಸರನ್ನು ‘ಲೋ’ದಲ್ಲಿಡಿ, ಕಾರ್ಡು ಎಂಥದೋ ಅಗ್ಗದ್ದು ಬೇಡ, ಹಗಲೂ ರಾತ್ರಿ ಬರೆಯುವುದಕ್ಕೆಂದೇ ಮಾಡಿದ ಹೈ ಎಂಡ್ಯೂರೆನ್ಸ್‌ನದೇ ಇರಲಿ.

ಬಿಡಿಭಾಗಗಳಲ್ಲಿ ಸಿಪಿಎಲ್ ಫಿಲ್ಟರ್ ಧರ್ಮಸೂಕ್ಷ್ಮವಾದದ್ದು. ಡ್ಯಾಶ್‌ಬೋರ್ಡಿನ ಮೇಲಿನ ಗಣಪತಿ ಮುಂದಿನ ಗಾಜಿನಲ್ಲಿ ಪ್ರತಿಫಲಿಸಿ, ವಿಡಿಯೋದಲ್ಲಿ ಪಾಮ್ ಬೀಚ್ ರಸ್ತೆಯ ಆಕಾಶದುದ್ದಕ್ಕೂ ತೇಲುತ್ತಿದ್ದ. ಅಮ್ಮ ಫೋನಿನಲ್ಲಿ ಅದನ್ನು ನೋಡಿ ಕೈಮುಗಿದರು. ಪ್ರತಿಫಲನ ಹೀರುವ ಆ ಫಿಲ್ಟರ್ ಹಾಕುತ್ತೇನೆಂದಾಗ, ‘ದೇವರು ತಾನಾಗಿ ಕಾಣಿಸಿಕೊಂಡರೆ ನಿನಗೇನೋ ತೊಂದರೆ?’ ಎಂದರು. ಫಿಲ್ಟರ್ ಇನ್ನೂ ಡಬ್ಬಿಯಲ್ಲೇ ಇದೆ.

ಮುಖ್ಯ ದೋಷಕ್ಕೆ ಬರುತ್ತೇನೆ. ಈ ಯಂತ್ರವನ್ನು ಓಡುವ ಕಾರಿಗೆಂದು ಮಾಡಿದ್ದಾರೆ. ಕೋಪರಖೈರಣೆಯಲ್ಲಿ ಕಾರಿಗೆ ಏಟು ಬೀಳುವುದು ನಿಂತಾಗ. 1970ರಲ್ಲಿ ಹುಟ್ಟಿದ ನಗರಯೋಜನಾ ಸಂಸ್ಥೆ ಸಿಡ್ಕೋ ಹಾಕಿಕೊಟ್ಟ ಗಲ್ಲಿಗಳಲ್ಲಿ ಇಂದು ಎರಡೂ ಬದಿ ಕಾರು, ನಡುವೆ ಸ್ಕೂಟರು, ಅದರ ನಡುವೆ ನಾವು. ಒಂದು ರಾತ್ರಿ ಯಾರೋ ನನ್ನ ಎಡಬಾಗಿಲನ್ನು ಆ ತುದಿಯಿಂದ ಈ ತುದಿವರೆಗೆ ಗೀರಿ ಹೋದರು. ಮುಂದಕ್ಕಷ್ಟೇ ಕಣ್ಣಿದ್ದ ಯಂತ್ರ ಎದುರಿನ ಕಾರಿನ ಟಾಪ್ ಮೇಲೆ ಮಲಗಿದ್ದ ಬೆಕ್ಕನ್ನು ನಾಲ್ಕು ಗಂಟೆ ಚಿತ್ರಿಸಿ, ಕಾರಿನ ಬ್ಯಾಟರಿಯನ್ನೂ ಕುಡಿದು ಮುಗಿಸಿತ್ತು. ವೋಲ್ಟೇಜು ಇಳಿದೊಡನೆ ತಾನೇ ಸಂಪರ್ಕ ಕಡಿಯುವ ಹಾರ್ಡ್‌ವೈರ್ ಕಿಟ್ ಇದ್ದಿದ್ದರೆ ನಷ್ಟ ಗೀರೊಂದಕ್ಕೇ ನಿಲ್ಲುತ್ತಿತ್ತು.

ಸೊಸೈಟಿ ಮೀಟಿಂಗಿನಲ್ಲಿ ಸಾಕ್ಷ್ಯ ಮಂಡಿಸಿದೆ. ಬಿಸಿಲಿಗೆ ಯಂತ್ರದೊಳಗಿನ ಲಿಥಿಯಂ ಬ್ಯಾಟರಿ ಇಡ್ಲಿಯಂತೆ ಉಬ್ಬಿ (ಸೂಪರ್ ಕೆಪಾಸಿಟರ್ ಇರುವುದನ್ನೇ ಕೊಳ್ಳಿ) ಅದರ ಗಡಿಯಾರ ದಿನವೂ 2018ರ ಜನವರಿ 1ಕ್ಕೆ ಮರಳುತ್ತಿತ್ತು. ಕಾರು ಕೊಂಡದ್ದು 2022ರಲ್ಲಿ. ಸೆಕ್ರೆಟರಿ ವಕೀಲರು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ, ವಿದ್ಯುನ್ಮಾನ ದಾಖಲೆಗಳ ಕುರಿತ 63ನೆಯ ಕಲಮನ್ನು ತೆಗೆದು, ಪ್ರಮಾಣಪತ್ರವೆಲ್ಲಿ, ಹ್ಯಾಶ್ ಮೌಲ್ಯವೆಲ್ಲಿ ಎಂದರು. ಬೆಕ್ಕಿನ ಹ್ಯಾಶ್ ಮೌಲ್ಯ ನನಗೆ ತಿಳಿದಿರಲಿಲ್ಲ.

ಅಷ್ಟರಲ್ಲಿ ಹಿಂದಿನ ತುಣುಕು ತಾನೇ ಶುರುವಾಯಿತು: ಜಾಗ ಸಿಗದೆ ಗಲ್ಲಿಯಲ್ಲಿ ಮೂರು ಸುತ್ತು ಹೊಡೆಯುತ್ತಿರುವ ನಾನು, ಪೂರ್ಣ ಧ್ವನಿಸಮೇತ. ಮರಾಠಿ ಸದಸ್ಯರಿಗೆ ಕನ್ನಡ ಅರ್ಥವಾಗಲಿಲ್ಲ. ಹಿಂದಿನ ಕುರ್ಚಿಯಲ್ಲಿದ್ದ ಉಡುಪಿಯ ಹೋಟೆಲಿನವರು ಮಾತ್ರ ಎದ್ದು ಬಂದು ಕಿವಿಯಲ್ಲಿ, ‘ಎಂತ ಮಾರಾಯ್ರೆ, ಇಷ್ಟು ಒಳ್ಳೆ ಬೈಗುಳ ಎಲ್ಲಿ ಕಲ್ತದ್ದು?’ ಎಂದರು.

ಓದುಗರಲ್ಲಿ ಒಂದೇ ವಿನಂತಿ: ಕ್ಯಾಮೆರಾ ಕೊಂಡ ದಿನವೇ ಮೈಕು ಆಫ್ ಮಾಡಿ.