ನಾನೂ ನನ್ನ ಕೂಲ್ ಎಡಿಟೂ

ಮುಂಬಯಿಯ ಗೋರೆಗಾಂವ್‌ನ ನಮ್ಮ ಒಂಟಿ ಕೋಣೆಯ ಸ್ಟುಡಿಯೋದಲ್ಲಿರುವ ಕಂಪ್ಯೂಟರಿಗೆ ಇಂಟರ್ನೆಟ್ ಇಲ್ಲ. ಬಡತನದಿಂದಲ್ಲ, ಎಚ್ಚರಿಕೆಯಿಂದ. ಊರ ಗಾಳಿ ತಾಗಿದರೆ ಯಾವ ಅಪ್‌ಡೇಟು ಅಂಟಿಕೊಳ್ಳುತ್ತದೋ ಯಾರಿಗೆ ಗೊತ್ತು! ಒಳಗಿರುವುದು ವಿಂಡೋಸ್ ಎಕ್ಸ್‌ಪಿ. 2014ರ ಏಪ್ರಿಲ್ 8ರಂದು ಮೈಕ್ರೋಸಾಫ್ಟ್‌ನವರು ಇನ್ನು ಇದರ ಯೋಗಕ್ಷೇಮ ತಮಗೆ ಸೇರಿದ್ದಲ್ಲ ಎಂದುಬಿಟ್ಟರು. ಅಂದಿನಿಂದ ಅದು ನನ್ನ ಪಾಲಿಗೆ ಬಂದಿದೆ. ಅದರೊಳಗೆ ಧ್ವನಿಯನ್ನು ಕತ್ತರಿಸಿ ಕೂಡಿಸುವ ಸಾಫ್ಟ್‌ವೇರು, ಕೂಲ್ ಎಡಿಟ್ ಪ್ರೊ 2.0. ಕಪ್ಪು ಪರದೆಯ ಮೇಲೆ ಗಿಳಿಹಸಿರು ಅಲೆಗಳು. ಹೊಸ ಹುಡುಗರು ನೋಡಿದರೆ ಆಸ್ಪತ್ರೆಯ ಐಸಿಯು ನೆನಪಾಗುತ್ತದೆ ಅನ್ನುತ್ತಾರೆ. ನೆನಪಾಗಲಿ, ಪೇಷಂಟ್ ಇನ್ನೂ ಬದುಕಿದೆಯಲ್ಲ.

ಕೂಲ್ ಎಡಿಟನ್ನು ಮಾಡಿದ್ದು ಅಮೆರಿಕದ ಅರಿಜೋನಾದ ಸಿಂಟ್ರಿಲಿಯಂ ಎಂಬ ಪುಟ್ಟ ಕಂಪನಿ. ಇದರ ಅಣ್ಣ ಕೂಲ್ ಎಡಿಟ್ 96 ಇನ್ನೂ ತಮಾಷೆಯದು. ದುಡ್ಡು ಕೊಡದೆ ಬಳಸುವವರನ್ನು ಪ್ರತಿ ಸಲ ತೆರೆದಾಗಲೂ, ಇವತ್ತಿಗೆ ಯಾವ ಎರಡು ಸೌಲಭ್ಯ ಬೇಕು ಎಂದು ಕೇಳುತ್ತಿತ್ತು. ಮೂರನೆಯದು ಬೇಕೆಂದು ನೆನಪಾಗುತ್ತಿದ್ದುದು ಯಾವಾಗಲೂ ಕೆಲಸದ ನಟ್ಟನಡುವೆ. 2003ರಲ್ಲಿ ಅಡೋಬಿಯವರು ಕೂಲ್ ಎಡಿಟನ್ನು ಕೊಂಡು, ಆಡಿಷನ್ ಎಂದು ಹೆಸರಿಟ್ಟು, ಮುಂದೆ 2013ರ ಹೊತ್ತಿಗೆ ತಿಂಗಳ ಬಾಡಿಗೆಯ ಪದ್ಧತಿಗೆ ಹೊರಳಿಕೊಂಡರು. ನಾನು ಕೊಂಡದ್ದು ಅದಕ್ಕೂ ಮೊದಲು, ರೊಕ್ಕ ಎಣಿಸಿ.

ಮುಂಬಯಿಯಲ್ಲಿ ಧ್ವನಿಮುದ್ರಣ ಎಂದರೆ ಅರ್ಧ ಭಾಗ ಊರಿನದೇ ಧ್ವನಿ. ಗೋಡೆಗೆ ಗಾದಿ ಹೊಡೆದರೂ, ಕಿಟಕಿಗೆ ದಪ್ಪ ಪರದೆ ಬಿಟ್ಟರೂ ವೆಸ್ಟರ್ನ್ ರೈಲ್ವೆ ಒಳಗೆ ಬಂದೇ ಬರುತ್ತದೆ. ಒಮ್ಮೆ ಕೃಷ್ಣಸಂಧಾನದ ತಾಳಮದ್ದಳೆ ಮುದ್ರಣ. ಅರ್ಥಧಾರಿ ಹಗಲು ಹೋಟೆಲಿನ ಗಲ್ಲೆಯಲ್ಲಿ ಕೂರುವವರು, ರಾತ್ರಿಗೆ ಕೌರವ. ಐದು ಊರಲ್ಲ, ಸೂಜಿಮೊನೆಯಷ್ಟು ನೆಲವನ್ನೂ ಕೊಡೆನೆಂದು ಗರ್ಜಿಸಿ ಉಸಿರು ತೆಗೆದುಕೊಂಡರು. ಆ ಬಿಡುವಿನಲ್ಲಿ ಸ್ಟೇಷನ್ನಿನ ಘೋಷಣೆ ತೂರಿ ಬಂತು: ಬೋರಿವಿಲಿ ಕಡೆಗೆ ಹೋಗುವ ಸ್ಲೋ ಲೋಕಲ್. ಇನ್ನೊಮ್ಮೆ ಹೇಳಿ ಶೆಟ್ರೇ ಎಂದರೆ ಕೌರವನಿಗೆ ಸಿಟ್ಟು. ಆಶುವಾಗಿ ಬಂದದ್ದು ಮತ್ತೆ ಬರುತ್ತದೆಯೇ?

ಆಗ ಕೈಗೆ ಬಂದದ್ದು ಕೂಲ್ ಎಡಿಟ್. ಅಲೆಯನ್ನು ಹಿಗ್ಗಿಸುತ್ತಾ ಹೋದರೆ ಕೊನೆಗೆ ಒಂದೊಂದೇ ಚುಕ್ಕೆ ಕಾಣುತ್ತದೆ. ಅಲೆ ನಡುಗೆರೆಯನ್ನು ದಾಟುವ ಜಾಗ ನೋಡಿ ಕತ್ತರಿಸಬೇಕು. ಗೆರೆಯ ಮೇಲೋ ಕೆಳಗೋ ಕತ್ತರಿಸಿದರೆ ಕೂಡಿಸಿದಲ್ಲಿ ಟಿಕ್ ಎನ್ನುತ್ತದೆ. ಆಮೇಲೆ ಗದ್ದಲ ತೆಗೆಯುವ ಕೆಲಸ. ಯಾರೂ ಮಾತಾಡದಿರುವ ಒಂದು ತುಣುಕನ್ನು ಆರಿಸಿ, ಇದೇ ಗದ್ದಲ, ಗುರುತಿಟ್ಟುಕೋ ಎಂದು ತೋರಿಸಿಕೊಟ್ಟರೆ ಫ್ಯಾನಿನ ಗುಂಯ್‌ಗುಡುವಿಕೆಯನ್ನು ಇಡೀ ಮುದ್ರಣದಿಂದ ಸೋಸಿ ಕೊಡುತ್ತದೆ. ಆಸೆ ಹೆಚ್ಚಾಗಿ ಎಳೆದರೆ ಮಾತ್ರ ಕೌರವ ವೈಶಂಪಾಯನ ಸರೋವರಕ್ಕೆ ಮೊದಲೇ ಇಳಿದು, ಅಲ್ಲಿಂದಲೇ ಮಾತಾಡತೊಡಗುತ್ತಾನೆ. ಎಲ್ಲಿ ನಿಲ್ಲಿಸಬೇಕೆಂಬುದು ನನ್ನ ಕಿವಿಗೆ ಗೊತ್ತು, ಎಫ್12 ಎಲ್ಲಿದೆಯೆಂದು ಬೆರಳಿಗೆ ಗೊತ್ತು.

ಅಕ್ಕನ ಮಗ ಒಪ್ಪುವುದಿಲ್ಲ. "ಮಾಮಾ, ಈಗ ಎಐ ಇದೆ. ಒಂದು ಕ್ಲಿಕ್, ರೈಲೇ ಮಾಯ" ಎಂದು ತನ್ನ ಲ್ಯಾಪ್‌ಟಾಪಿನಲ್ಲಿ ಅದೇ ತಾಳಮದ್ದಳೆಯನ್ನು ಹಾಕಿ ತೋರಿಸಿದ. ಹೌದು, ರೈಲು ಹೋಯಿತು. ಜೊತೆಗೆ ಚೆಂಡೆ ಹೋಯಿತು, ಮದ್ದಳೆ ಹೋಯಿತು, ಭಾಗವತರ ಜಾಗಟೆಯೂ ಹೋಯಿತು. ಮಾತಲ್ಲದ್ದೆಲ್ಲ ಅದರ ಲೆಕ್ಕದಲ್ಲಿ ಗದ್ದಲ. ಉಳಿದದ್ದು ಒಬ್ಬನೇ ಕೌರವ, ದೂರದರ್ಶನದಲ್ಲಿ ವಾರ್ತೆ ಓದುವ ಸ್ವಚ್ಛ ದನಿಯಲ್ಲಿ.

"ಸೆಟ್ಟಿಂಗ್ ಇದೆ ಮಾಮಾ, ಅದಕ್ಕೆ ಪ್ರೊ ಪ್ಲಾನ್ ತಗೋಬೇಕು."

ಅಲ್ಲಿಗೆ ಬಂತು ವಿಷಯ. ಈ ಊರಲ್ಲಿ ಮನೆ ಹನ್ನೊಂದು ತಿಂಗಳ ಲೀವ್ ಆಂಡ್ ಲೈಸೆನ್ಸ್ ಮೇಲೆ, ಲೋಕಲ್ಲಿನ ಪಾಸು ತಿಂಗಳ ಮೇಲೆ. ಈಗ ಕತ್ತರಿಗೂ ತಿಂಗಳ ಬಾಡಿಗೆಯೇ? ಗಿರಗಾಂವ್‌ನ ಹಳೇ ಚಾಳಿನಲ್ಲಿ ಒಮ್ಮೆ ಪಗಡಿ ಹಣ ಕೊಟ್ಟು ಕಾಯಂ ಆಗಿ ಕೂತ ಅಜ್ಜನನ್ನು ನೋಡಿ: ಬಿಲ್ಡರ್ ಬಂದು ಲಿಫ್ಟು, ಜಿಮ್ಮು ಎಂದು ಆಸೆ ತೋರಿಸಿದರೂ ಅವನು ಖುರ್ಚಿ ಬಿಟ್ಟು ಏಳುವುದಿಲ್ಲ. ನಾನೂ ಅದೇ ಜಾತಿ.

ನಾನೊಬ್ಬನೇ ಅಲ್ಲ. 2002ರಲ್ಲಿ ಆಪಲ್‌ನವರು ಜರ್ಮನಿಯ ಎಮಾಜಿಕ್ ಕಂಪನಿಯನ್ನು ಕೊಂಡು ವಿಂಡೋಸಿನ ಲಾಜಿಕ್ ಸಾಫ್ಟ್‌ವೇರನ್ನು ನಿಲ್ಲಿಸಿಬಿಟ್ಟಾಗ, ಹಳೇ ಪಿಸಿಯನ್ನೇ ತಬ್ಬಿಕೊಂಡು ಕೂತವರಿದ್ದಾರೆ. ಅಂಧೇರಿಯ ಡಬ್ಬಿಂಗ್ ಗೆಳೆಯನೊಬ್ಬ ತನ್ನ ಹಳೇ ಸಾಫ್ಟ್‌ವೇರ್ ನ್ಯೂಯೆಂಡೋ 3ರ ಬೀಗದಕೈಯಂತಿರುವ ಡಾಂಗಲನ್ನು ಹೆಂಡತಿಯ ಒಡವೆಯ ಡಬ್ಬಿಯಲ್ಲಿಡುತ್ತಾನೆ. ಹೆಂಡತಿ ಒಡವೆಗಳನ್ನು ಎಲ್ಲಿಡುತ್ತಾಳೋ ಅವನಿಗೆ ಗೊತ್ತಿಲ್ಲ.

ಕಷ್ಟವಿರುವುದು ಬಿಡಿಭಾಗಕ್ಕೆ. ನನ್ನ ಸೌಂಡ್ ಕಾರ್ಡು ಹಳೇ ಪಿಸಿಐ ಸ್ಲಾಟಿನದು. ಅಂಥ ಸ್ಲಾಟಿರುವ ಮದರ್‌ಬೋರ್ಡಿಗಾಗಿ ಲ್ಯಾಮಿಂಗ್ಟನ್ ರೋಡಿಗೇ ಹೋಗಬೇಕು. ಅಲ್ಲಿ ಒಬ್ಬ ಅಂಗಡಿಯವನಿದ್ದಾನೆ. ನನ್ನನ್ನು ಕಂಡೊಡನೆ "ಕಾಕಾ, ಅಬ್ ತೋ ಛೋಡ್ ದೋ" ಅನ್ನುತ್ತಾನೆ, ಅಂದವನೇ ಸ್ಟೂಲು ಹತ್ತಿ ಅಟ್ಟದಿಂದ ಧೂಳು ಹಿಡಿದ ಡಬ್ಬ ಇಳಿಸುತ್ತಾನೆ. ಹೊಸದಕ್ಕಿಂತ ಹೆಚ್ಚಿನ ಬೆಲೆ ಹೇಳಿ, ಇದು ಮುಂಬಯಿಯಲ್ಲೇ ಕೊನೆಯ ಪೀಸು ಎಂದು ಆಣೆ ಮಾಡುತ್ತಾನೆ. ಕಳೆದ ಸಲ ಕೊಟ್ಟದ್ದೂ ಕೊನೆಯದೇ. ಚೌಕಾಸಿ ಮುಗಿದ ಮೇಲೆ, ಇಂಥದೇ ಇನ್ನೊಂದಿದ್ದರೆ ಎತ್ತಿಡಪ್ಪಾ ಎಂದೆ.

ಶನಿವಾರ ಬನ್ನಿ ಅಂದ.