ತೆರೆ ನಿಲ್ಲುವ ತನಕ

ಅಲೆಯ ಮೇಲೆ ನೆಟ್ಟಗೆ ನಿಂತು ದಡದತ್ತ ಜಾರಿ ಬರುವುದನ್ನೇ ಸರ್ಫಿಂಗ್ ಎಂದು ಲೋಕ ನಂಬಿರುವುದಕ್ಕೆ ಛಾಯಾಗ್ರಾಹಕರೇ ಕಾರಣರೆನ್ನಬೇಕು. ಹಾಗೆ ಬರಬೇಕಾದವನು ಮೊದಲು ಅಲೆಗಳು ಒಡೆಯುವ ಪಟ್ಟಿಯನ್ನು ಎದುರಿನಿಂದ ಹಾಯ್ದು, ಅವು ಇನ್ನೂ ಬರಿಯ ಉಬ್ಬುಗಳಾಗಿರುವ ಆಚೆಯ ನೀರನ್ನು ಸೇರಿರಬೇಕಾಗುತ್ತದೆ. ಹಲಗೆಯ ಮೇಲೆ ಬೋರಲು ಮಲಗಿ, ಎರಡು ಕೈಗಳನ್ನೇ ಹುಟ್ಟುಗಳಾಗಿ ಮಾಡಿಕೊಂಡು ಸಾಗುವ ಈ ಯಾತ್ರೆಗೆ ಪ್ಯಾಡ್ಲಿಂಗ್ ಎಂದು ಹೆಸರು. ಕಡಲಿನಲ್ಲಿ ಕಳೆಯುವ ಹೊತ್ತಿನ ದೊಡ್ಡ ಪಾಲು ಇದಕ್ಕೇ ಸಲ್ಲುತ್ತದೆ, ನಿಂತು ಬರುವ ಭಾಗ್ಯ ಕೆಲವೇ ಸೆಕೆಂಡುಗಳದ್ದು. ಆದರೂ ಪ್ಯಾಡ್ಲಿಂಗಿನ ಚಿತ್ರವನ್ನು ಯಾರೂ ಗೋಡೆಗೆ ತೂಗುಹಾಕುವುದಿಲ್ಲ, ಏಕೆಂದರೆ ದೊಡ್ಡ ಅಲೆಗಳ ದಿನ ತೆಗೆದ ಅಂಥ ಚಿತ್ರದಲ್ಲಿ ಕಾಣುವುದು ರಾಶಿ ನೊರೆ, ಮಗುಚಿದ ಹಲಗೆಯ ಹೊಟ್ಟೆ ಮತ್ತು ವಾರಸುದಾರರು ಯಾರೆಂದು ಹೇಳಲಾಗದ ಒಂದು ಪಾದ, ಇಷ್ಟೇ.

ಹಳೆಯ ಬರಹಗಾರರು ಈ ವಿಷಯದಲ್ಲಿ ಹೆಚ್ಚು ನ್ಯಾಯವಂತರಾಗಿದ್ದರು. ಕ್ಯಾಪ್ಟನ್ ಕುಕ್ 1779ರಲ್ಲಿ ಹವಾಯಿಯಲ್ಲಿ ಹತನಾದ ಮೇಲೆ ಆತನ ಯಾನದ ವೃತ್ತಾಂತವನ್ನು ಬರೆದು ಮುಗಿಸಿದ ಲೆಫ್ಟಿನೆಂಟ್ ಜೇಮ್ಸ್ ಕಿಂಗ್, 1784ರಲ್ಲಿ ಪ್ರಕಟವಾದ ಆ ಗ್ರಂಥದಲ್ಲಿ, ದ್ವೀಪದ ಜನ ಹಲಗೆಯೊಡನೆ ಮೊದಲ ತೆರೆಯ ಅಡಿಗೆ ಮುಳುಗಿ ಅದರಾಚೆಗೆ ಏಳುವುದನ್ನೂ, ಎರಡನೆಯದಕ್ಕೂ ಅದೇ ಉಪಾಯ ಹೂಡುವುದನ್ನೂ, ಮುಳುಗುವ ಕ್ಷಣ ತಪ್ಪಿದವರನ್ನು ತೆರೆ ಬಂಡೆಗಳತ್ತ ಎಸೆಯುವುದನ್ನೂ ಸಾವಧಾನವಾಗಿ ವರ್ಣಿಸಿದ್ದಾನೆ. ಹಡಗಿನ ಅಧಿಕಾರಿಗೆ ಹೋಗುವ ಕಷ್ಟವೇ ಮೊದಲು ಕಂಡದ್ದು ಸಹಜ, ಸಣ್ಣ ದೋಣಿಯಲ್ಲಿ ತೆರೆ ದಾಟುವುದು ಅವನಿಗೂ ನಿತ್ಯದ ತಲೆನೋವಾಗಿದ್ದಿರಬೇಕು.

ಕಿಂಗ್ ಕಂಡ ಈ ಮುಳುಗುವ ಉಪಾಯ ಲಾಂಗ್‌ಬೋರ್ಡಿನವರಿಗೆ ದಕ್ಕುವುದಿಲ್ಲ. ಲಾಂಗ್‌ಬೋರ್ಡ್ ಎಂದರೆ 9 ಅಡಿ ಅಥವಾ ಅದಕ್ಕೂ ಉದ್ದದ, ಮೂತಿ ದುಂಡಗಿರುವ, ಮೈ ದಪ್ಪಗಿರುವ ಹಲಗೆ. 6 ಅಡಿಯ ಆಸುಪಾಸಿನ ಶಾರ್ಟ್‌ಬೋರ್ಡಿನವನು ನುಗ್ಗಿ ಬರುವ ನೊರೆಯ ಮುಂದೆ ಹಲಗೆಯ ಮೂತಿಯನ್ನು ಕೈಯಿಂದ ಅದುಮಿ, ಬಾಲವನ್ನು ಮೊಣಕಾಲಿನಿಂದ ಒತ್ತಿ, ಡಕ್ ಡೈವ್ ಎಂಬ ಬಾತುಕೋಳಿಯ ಮುಳುಗನ್ನು ಹಾಕಿ ಪಾರಾಗುತ್ತಾನೆ, ಲಾಂಗ್‌ಬೋರ್ಡಿನವನು ಹಾಗೆ ಮಾಡಲಾರ. ಕಾರಣವನ್ನು ಆರ್ಕಿಮಿಡೀಸನೇ ಹೇಳಿ ಹೋಗಿದ್ದಾನೆ. ಸಾಧಾರಣ ಲಾಂಗ್‌ಬೋರ್ಡೊಂದರ ಗಾತ್ರ ಸುಮಾರು 70 ಲೀಟರ್ ಎಂದಿಟ್ಟುಕೊಂಡರೆ, ಅದರ ಸ್ವಂತ ತೂಕದ 7 ಕಿಲೋ ಕಳೆದರೂ ಅದನ್ನು ಪೂರ್ತಿ ಮುಳುಗಿಸಲು 60 ಕಿಲೋಗೂ ಮೀರಿದ ಭಾರ ಬೇಕು, ಮುಳುಗಿಸಬೇಕಾದವನು ಸ್ವತಃ ನೀರಿನಲ್ಲಿ ತೇಲುವ ಪ್ರಾಣಿಯಾದ್ದರಿಂದ ಆ ಭಾರವನ್ನು ಎಲ್ಲಿಂದಲೂ ತರಲಾರ. ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಗೆ ಬಿದ್ದ ಹುಡುಗನಂತೆ ಅವನು ಮುಳುಗಬೇಕೆಂದು ಬಯಸಿದರೂ ಮುಳುಗುವ ಸ್ವಾತಂತ್ರ್ಯವಿಲ್ಲದವನು. ದಡಕ್ಕೆ ಬರುವಾಗ ಸಣ್ಣ ಅಲೆಯಲ್ಲೂ ತೇಲಿಸಿ ಕಾಪಾಡುವ ಗುಣವೇ ಕಡಲಿಗೆ ಹೋಗುವಾಗ ಅವನ ಶನಿಯಾಗುತ್ತದೆ.

ಆದ್ದರಿಂದ ಲಾಂಗ್‌ಬೋರ್ಡಿನವನ ಶಾಸ್ತ್ರವೆಲ್ಲ ಅಲೆಯ ಕೈಗೆ ಸಿಗದಿರುವ ಶಾಸ್ತ್ರ, ಅದರ ಮೊದಲ ಅಧ್ಯಾಯ ಮರಳಿನ ಮೇಲೆ ಕುಳಿತುಕೊಳ್ಳುವುದು. ತೆರೆ ನಿಂತ ಮೇಲೆ ಸ್ನಾನಕ್ಕಿಳಿಯುತ್ತೇನೆಂದು ದಡದಲ್ಲಿ ಕಾದವನನ್ನು ಕನ್ನಡದ ಗಾದೆ ಗೇಲಿ ಮಾಡುತ್ತದೆ. ಗಾದೆ ಕಟ್ಟಿದವರು ಕಡಲನ್ನು ಕಾಲು ಗಂಟೆಯಾದರೂ ನೋಡಿದ್ದರೆ ಅಷ್ಟು ಖಂಡಿತವಾಗಿ ನುಡಿಯುತ್ತಿರಲಿಲ್ಲವೇನೋ. ದೂರದ ಬಿರುಗಾಳಿಯಲ್ಲಿ ಹುಟ್ಟಿ ಹೊರಟ ತೆರೆಗಳೆಲ್ಲ ಒಂದೇ ಅಂತರದವಲ್ಲ, ಸ್ವಲ್ಪ ಹೆಚ್ಚುಕಡಿಮೆಯ ಅಂತರದ ಎರಡು ಸಾಲುಗಳು ಕೂಡಿ ಸಾಗುವಾಗ ಕೆಲವೆಡೆ ಉಬ್ಬಿಗೆ ಉಬ್ಬು ಸೇರಿ ಹಿಗ್ಗುತ್ತವೆ, ಕೆಲವೆಡೆ ಉಬ್ಬಿಗೆ ತಗ್ಗು ಸೇರಿ ಕುಗ್ಗುತ್ತವೆ; ಹೀಗಾಗಿ ದಡಕ್ಕೆ ನಾಲ್ಕೈದು ದೊಡ್ಡ ತೆರೆಗಳ ಗುಂಪೊಂದು ಬಂದು, ಬಳಿಕ ಕೆಲವು ನಿಮಿಷ ಕಡಲು ಏನೂ ಆಗಿಲ್ಲವೆಂಬಂತೆ ಸುಮ್ಮನಿರುತ್ತದೆ. ಗುಂಪಿಗೆ ಸೆಟ್ ಎಂದೂ ಬಿಡುವಿಗೆ ಲಲ್ ಎಂದೂ ಹೆಸರು. ನದಿ ಕಡಲಿಗೆ ಸೇರುವ ಅಳಿವೆಯಲ್ಲಿ ದೋಣಿ ದಾಟಿಸುವ ಕರಾವಳಿಯ ಮೀನುಗಾರರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ, ದೊಡ್ಡ ತೆರೆಗಳ ಸರದಿ ಕಳೆಯುವ ತನಕ ಒಳಗೇ ತಡೆದು ನಿಂತು, ಬಿಡುವು ಕಂಡೊಡನೆ ದೋಣಿ ನುಗ್ಗಿಸುವುದು ಅವರಿಗೆ ಹುಟ್ಟಿನಿಂದ ಬಂದ ವಿದ್ಯೆ. ಶಾಂಭವಿ ಮತ್ತು ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದಾಗ ಹಲಗೆಯವರು ಕಣ್ಣಿಟ್ಟು ಕಾದದ್ದೂ ಇಂಥದೇ ಬಿಡುವಿಗೆ. ಹೀಗೆ ಕುಳಿತವನನ್ನು ಕಂಡು ದಾರಿಹೋಕರು ಹೆದರಿದ್ದಾನೆಂದುಕೊಂಡರೆ ಅದಕ್ಕೆ ಬೇಸರಪಡಬೇಕಾಗಿಲ್ಲ. ಹೆದರಿಕೆ ಮತ್ತು ಅಧ್ಯಯನ ಎರಡಕ್ಕೂ ಕುಳಿತುಕೊಳ್ಳುವ ಭಂಗಿ ಒಂದೇ ಆಗಿರುವುದು ಈ ವಿದ್ಯೆಯ ದೊಡ್ಡ ಅನುಕೂಲಗಳಲ್ಲೊಂದು.

ಕುಳಿತವನು ನೋಡಬೇಕಾದದ್ದು ಅಲೆ ಎಲ್ಲಿ ಒಡೆಯುತ್ತದೆಂಬುದಕ್ಕಿಂತ ಎಲ್ಲಿ ಒಡೆಯುವುದಿಲ್ಲ ಎಂಬುದನ್ನು. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ಮುಗ್ಗರಿಸಿ ಒಡೆಯುತ್ತದಾದ್ದರಿಂದ, ಎರಡೂ ಬದಿಯಲ್ಲಿ ನೊರೆ ಎದ್ದು ನಡುವೆ ಮಾತ್ರ ಕಪ್ಪಗೆ, ಸಮಾಧಾನವಾಗಿ ಕಾಣುವ ಪಟ್ಟಿಯಿದ್ದರೆ ಅಲ್ಲಿ ಆಳವಾದ ಕಾಲುವೆಯಿದೆಯೆಂದು ತಿಳಿಯಬೇಕು; ಅಲೆಗಳು ದಡಕ್ಕೆ ತಂದು ಸುರಿದ ನೀರೆಲ್ಲ ಆ ಕಾಲುವೆಯಿಂದಲೇ ಕಡಲಿಗೆ ಮರಳುತ್ತದೆ, ಆ ಹರಿವಿಗೆ ರಿಪ್ ಕರೆಂಟ್ ಎನ್ನುತ್ತಾರೆ. ಈಜಲು ಬಂದವರನ್ನು ಕೊಂಡೊಯ್ದು ಕೊಲ್ಲುವ ಸೆಳೆತ ಇದೇ, ಅದೂ ಎಲ್ಲಕ್ಕಿಂತ ಶಾಂತವಾಗಿ ಕಾಣುವ ಜಾಗದಲ್ಲಿ. ಕಾಲಿಗೆ ಹಲಗೆ ಕಟ್ಟಿಕೊಂಡ ಅನುಭವಿಗೆ ಮಾತ್ರ ಅದು ಬಿಟ್ಟಿ ಸವಾರಿ. ಉದಾರಿಯಾದ ಕಡಲು ಒದಗಿಸಿದ ಈ ದಾರಿಯನ್ನು ಬಿಟ್ಟು, ನೊರೆ ದಟ್ಟವಾಗಿರುವಲ್ಲೇ ಎದೆಯೊಡ್ಡಿ ಹೋಗುವ ತರುಣರಿಗೆ ಯಾವ ತೀರದಲ್ಲೂ ಕೊರತೆಯಿಲ್ಲ, ಅವರು ಅರ್ಧ ಗಂಟೆಯ ಬಳಿಕವೂ ಸಾಮಾನ್ಯವಾಗಿ ಅಲ್ಲಿಯೇ ಸಿಗುತ್ತಾರೆ.

ನೀರಿಗಿಳಿದವನು ಸೊಂಟದ ಆಳದವರೆಗೆ ಹಲಗೆಯನ್ನು ಪಕ್ಕದಲ್ಲಿಟ್ಟುಕೊಂಡು, ಅದರ ಮೂತಿಯನ್ನು ನೇರ ಕಡಲಿಗೆ ತಿರುಗಿಸಿ ನಡೆಯುವುದು ಕ್ರಮ. ಅಡ್ಡಡ್ಡ ಹಿಡಿದು ಹೊರಟರೆ ಮೊದಲ ನೊರೆಯೇ ಅದನ್ನು ಹಿಡಿದವನ ಎದೆಗೋ ಗಲ್ಲಕ್ಕೋ ಅವನ ಎತ್ತರವನ್ನನುಸರಿಸಿ ತಲುಪಿಸುತ್ತದೆ. ಅಲೆಗೂ ಮನುಷ್ಯನಿಗೂ ನಡುವೆ ಹಲಗೆ ಬರಕೂಡದು, ಕಡಲಿಗೆ ಬೆನ್ನು ಹಾಕಕೂಡದು ಎಂಬ ಎರಡು ಸೂತ್ರಗಳಲ್ಲಿ ಎರಡನೆಯದನ್ನು ಸೆಲ್ಫಿ ತೆಗೆದುಕೊಳ್ಳುವ ಪ್ರವಾಸಿಗಳಿಗೂ ಕಡ್ಡಾಯ ಮಾಡಬಹುದು. ಮಲಗುವಾಗ ಮೂತಿ ನೀರಿನಿಂದ ಒಂದೆರಡು ಅಂಗುಲವಷ್ಟೇ ಮೇಲಿರಬೇಕು, ತೀರ ಹಿಂದೆ ಮಲಗಿದವನು ಕಡಲನ್ನೆಲ್ಲ ತಳ್ಳಿಕೊಂಡು ಹೋಗಬೇಕಾಗುತ್ತದೆ, ತೀರ ಮುಂದೆ ಮಲಗಿದವನ ಹಲಗೆ ಮೂತಿ ಕುಕ್ಕುತ್ತದೆ.

ಇಷ್ಟೆಲ್ಲ ಜಾಗ್ರತೆಯ ನಂತರವೂ ಯಾವುದಾದರೊಂದು ಅಲೆ ಸಿಕ್ಕೇ ಸಿಗುತ್ತದೆ. ನೊರೆ ಚಿಕ್ಕದಾದರೆ ಎರಡು ಕೈಯೂರಿ ಎದೆಯೆತ್ತಿ, ಅದನ್ನು ಎದೆಗೂ ಹಲಗೆಗೂ ನಡುವೆ ಹಾಯಲು ಬಿಟ್ಟರಾಯಿತು. ದೊಡ್ಡದಾದರೆ ಟರ್ಟಲ್ ರೋಲ್, ಅಂದರೆ ಆಮೆಯ ಮಗುಚು. ಪುರಾಣದ ಕೂರ್ಮ ಪರ್ವತವನ್ನು ಬೆನ್ನ ಮೇಲೆ ಹೊತ್ತು ಸಮುದ್ರದಲ್ಲಿ ನಿಂತಿತಾದರೆ ಈ ಕೂರ್ಮ ಬೆನ್ನು ಕೆಳಗೆ ಮಾಡಿ ಹಲಗೆಗೆ ನೇತುಬೀಳುತ್ತದೆ. ನೊರೆ ಇನ್ನೇನು ಬಡಿಯಬೇಕೆನ್ನುವಾಗ ಭುಜದ ನೇರಕ್ಕೆ ಹಲಗೆಯ ಎರಡೂ ಅಂಚುಗಳನ್ನು ಬಿಗಿಹಿಡಿದು, ದೀರ್ಘ ಉಸಿರೆಳೆದು, ಪಕ್ಕಕ್ಕೆ ಉರುಳಿ ಹಲಗೆಯ ಕೆಳಗಾಗಬೇಕು. ಆಗ ಹಲಗೆಯ ನುಣುಪಾದ ಹೊಟ್ಟೆಯ ಮೇಲೆ ನೊರೆ ಹರಿದುಹೋಗುತ್ತದೆ, ನೀರಿನೊಳಗೆ ಇಳಿಬಿದ್ದ ದೇಹ ಲಂಗರಿನ ಕೆಲಸ ಮಾಡುತ್ತದೆ. ಕೆಳಗಿರುವವನಿಗೆ ಆ ಮೂರು ನಾಲ್ಕು ಸೆಕೆಂಡುಗಳಲ್ಲಿ ಹಸಿರು ಬೆಳಕು ಬಿಳಿಗೆ ತಿರುಗುತ್ತದೆ, ಒಂದು ಘನ ಮೀಟರಿಗೆ ಸಾವಿರ ಕಿಲೋಗೂ ಹೆಚ್ಚು ತೂಗುವ ನೀರು ಮೇಲೆ ಗುಡುಗುತ್ತದೆ, ಹಲಗೆ ಬೆರಳುಗಳಿಂದ ಬಿಡಿಸಿಕೊಂಡು ದಡಕ್ಕೆ ಹೋಗುವ ಹಟ ಹಿಡಿಯುತ್ತದೆ, ಮೂಗಿನಿಂದ ಮೆಲ್ಲಗೆ ಗಾಳಿ ಬಿಡುವುದನ್ನು ಮರೆತಿದ್ದರೆ ಉಪ್ಪುನೀರು ನೇರ ನೆತ್ತಿಗೇರುತ್ತದೆ. ಕತ್ತರಿಗಾಲು ಬೀಸಿ ಮರಳಿ ಮೇಲೆ ಬಂದವನು ಕೆಮ್ಮುವುದನ್ನೂ ಕಣ್ಣೊರೆಸಿಕೊಳ್ಳುವುದನ್ನೂ ಮುಂದೂಡಿ ಕೈ ಬೀಸತೊಡಗಬೇಕು, ಏಕೆಂದರೆ 14 ಸೆಕೆಂಡಿನ ಅಂತರದ ತೆರೆಗಳ ದಿನ ಅವನಿಗೆ ಮುಂದಿನದನ್ನು ಎದುರಿಸಲು ಇರುವ ಕಾಲಾವಕಾಶ ಅಷ್ಟೇ. ಅಲೆಯ ಒಡೆಯುವ ತುಟಿ ನೇರ ಹಲಗೆಯ ಮೇಲೆಯೇ ಬೀಳುವ ಜಾಗದಲ್ಲಿ ಮಾತ್ರ ಈ ಮಗುಚು ನಡೆಯುವುದಿಲ್ಲ. ಅಲ್ಲಿಗೆ ತಲುಪುವ ಬದಲು ಸ್ವಲ್ಪ ತಡೆದು, ಅಲೆ ಮುಂದೆಯೇ ಒಡೆದು ಬಲಗುಂದಲು ಬಿಡುವುದು ಲೇಸು.

ಹಲಗೆಯನ್ನು ಬಿಟ್ಟೇ ಬಿಟ್ಟು ಆಳಕ್ಕೆ ಮುಳುಗುವ ಉಪಾಯವೂ ಒಂದಿದೆ. ಲೀಶ್, ಅಂದರೆ ಕಣಕಾಲಿಗೂ ಹಲಗೆಗೂ ಬಿಗಿದ ಹಗ್ಗ ಬರುವ ಮೊದಲು ಹಾಗೆ ಬಿಟ್ಟವನು ದಡದವರೆಗೂ ಈಜಬೇಕಾಗಿತ್ತು. 1970ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಟ್ ಓನೀಲ್ ಈ ಹಗ್ಗವನ್ನು ಬಳಕೆಗೆ ತಂದವರಲ್ಲಿ ಪ್ರಮುಖರು. ಮೊದಮೊದಲ ಹಗ್ಗ ರಬ್ಬರಿನಂತೆ ಹಿಗ್ಗಿ, ಹೋದಷ್ಟೇ ರಭಸದಿಂದ ಹಲಗೆಯನ್ನು ಯಜಮಾನನಿಗೆ ಹಿಂತಿರುಗಿಸುತ್ತಿತ್ತು, ವೆಟ್‌ಸೂಟಿನಿಂದ ಹೆಸರಾದ ಅವರ ತಂದೆ ಜ್ಯಾಕ್ ಓನೀಲ್ ಎಡಗಣ್ಣು ಕಳೆದುಕೊಂಡದ್ದು ಹೀಗೆ ಮರಳಿ ಬಂದ ಹಲಗೆಯಿಂದಲೇ. ಹಗ್ಗವಿದೆಯೆಂಬ ಧೈರ್ಯದಿಂದ ಹಲಗೆ ಬಿಡುವವನು ಮೊದಲು ಹಿಂದೆ ತಿರುಗಿ ನೋಡಬೇಕು. 9 ಅಡಿ ಹಲಗೆ, 9 ಅಡಿ ಹಗ್ಗ ಮತ್ತು ಎಳೆದಾಡಿದ ಒಂದು ಕಾಲು ಸೇರಿ ಆಗುವ ವ್ಯಾಪ್ತಿಯಲ್ಲಿ ಬೇರೊಬ್ಬನ ತಲೆ ಇರುವುದು ಅಪರೂಪವಲ್ಲ. ಎದುರಿನಿಂದ ಅಲೆಯೇರಿ ಬರುವವನಿದ್ದರೆ ಅವನ ಮುಂದಿನ ಶುಭ್ರ ಇಳಿಜಾರನ್ನು ಅವನಿಗೆ ಬಿಟ್ಟು, ಅವನು ಹಾದು ಬಂದ ಹಿಂದಿನ ನೊರೆಯನ್ನು ತಾನು ತಿನ್ನುವುದು ಹೊರಹೋಗುವವನ ಧರ್ಮವೆಂದು ಅಲ್ಲಿಯ ಕಟ್ಟಳೆ ಹೇಳುತ್ತದೆ. ಕರ್ಣನ ದಾನಗಳ ಪಟ್ಟಿಗೆ ಸೇರಿಸಬಹುದಾದ ಈ ಔದಾರ್ಯಕ್ಕೆ ಬರುವವನು ಕೃತಜ್ಞತೆ ಹೇಳುವುದಿಲ್ಲ, ಹೇಳುವಷ್ಟು ಹೊತ್ತು ಅವನೂ ನಿಂತಿರುವುದಿಲ್ಲ.

ಆಚೆ ತಲುಪಿದವರ ಸಭೆಯಲ್ಲಿ ಏದುಸಿರನ್ನು ಅಡಗಿಸಿಕೊಂಡು ಹಲಗೆಯ ಮೇಲೆ ಕುಳಿತುಕೊಳ್ಳುವುದು ಶಿಷ್ಟಾಚಾರ. ದಾಟಿ ಬಂದ ಅಪಾಯವನ್ನು ದುಪ್ಪಟ್ಟು ಮಾಡಿ ಹೇಳುವುದು ಮನುಷ್ಯಸ್ವಭಾವವಾದರೂ ಹವಾಯಿಯವರು ಅಲೆಯನ್ನು ಎದುರಿನ ಗೋಡೆಯಿಂದ ಅಳೆಯದೆ ಹಿಂಬದಿಯಿಂದ ಅಂದಾಜು ಮಾಡಿ, ಸರಿಸುಮಾರು ಅರ್ಧದಷ್ಟೇ ಅಡಿಗಳನ್ನು ಹೇಳುತ್ತಾರೆ; ಅವರ 20 ಅಡಿ ಎಂದರೆ ಎದುರು ನಿಂತವನಿಗೆ 40 ಅಡಿ. ಅತಿಥಿಗಳು ಈ ಪದ್ಧತಿಯನ್ನು ನೀರಿಗಿಳಿಯುವ ಮೊದಲು ತಿಳಿದಿರುವುದು ಒಳ್ಳೆಯದು. ಆಚೆ ಸೇರಿದೊಡನೆ ಅಪಾಯ ಮುಗಿಯಿತೆಂಬುದೂ ಪೂರ್ಣ ಸತ್ಯವಲ್ಲ: 1943ರ ಡಿಸೆಂಬರಿನಲ್ಲಿ ಓವಾಹು ದ್ವೀಪದ ಸನ್‌ಸೆಟ್ ಬೀಚಿನಲ್ಲಿ ವುಡಿ ಬ್ರೌನ್ ಮತ್ತು ಡಿಕಿ ಕ್ರಾಸ್ ಎಂಬಿಬ್ಬರು ಆಚೆ ತಲುಪಿದ ಮೇಲೆ ಕಡಲು ಏರಿ ಮರಳುವ ದಾರಿ ಮುಚ್ಚಿತು, ಅವರು ವೈಮೇಯಾ ಕೊಲ್ಲಿಯವರೆಗೆ ಕೈ ಬೀಸಿಕೊಂಡು ಹೋದರು, ದಡ ಸೇರಿದವರು ಬ್ರೌನ್ ಒಬ್ಬರೇ. ತೆರೆ ಏರುವ ಮುನ್ಸೂಚನೆಯಿರುವ ದಿನ ಮರಳಿನ ಮೇಲಿನ ಮೊದಲ ಅಧ್ಯಾಯವನ್ನೇ ಸಂಜೆಯ ತನಕ ಅಭ್ಯಾಸ ಮಾಡುವವರನ್ನು ಅಲ್ಲಿ ಯಾರೂ ಹೀಯಾಳಿಸುವುದಿಲ್ಲ.

ಸಾಹಿತಿಗಳ ಪೈಕಿ 1866ರಲ್ಲಿ ಹವಾಯಿಗೆ ಹೋದ ಮಾರ್ಕ್ ಟ್ವೇನ್ ಹಲಗೆಯನ್ನು ಸರಿಯಾದ ಜಾಗಕ್ಕೇ ಒಯ್ದನಾದರೂ ಮರಳುವಾಗ ಹಲಗೆ ಅವನನ್ನು ಬಿಟ್ಟು ಒಂಟಿಯಾಗಿ ದಡ ಸೇರಿತು. 1907ರಲ್ಲಿ ವೈಕಿಕಿಯಲ್ಲಿ ಪಾಠ ಹೇಳಿಸಿಕೊಂಡ ಜ್ಯಾಕ್ ಲಂಡನ್ ಅಲೆಗಳನ್ನು ಹೇಗೋ ಗೆದ್ದ. ಆದರೆ ಗಂಟೆಗಟ್ಟಲೆ ನೀರಿನಲ್ಲಿ ಕಳೆದವನ ಮೈಯನ್ನು, ಯಾವ ಅಲೆಯ ನೆರವೂ ಇಲ್ಲದೆ, ಅಲ್ಲಿಯ ಬಿಸಿಲು ಸುಟ್ಟು ಹಾಸಿಗೆ ಹಿಡಿಸಿತು, ಸರ್ಫಿಂಗನ್ನು ರಾಜಕ್ರೀಡೆಯೆಂದು ಕೊಂಡಾಡಿದ ಆತನ ಪ್ರಸಿದ್ಧ ಲೇಖನ ಆ ಹಾಸಿಗೆಯಲ್ಲೇ ಸಿದ್ಧವಾಯಿತು. ಬೋರಲು ಮಲಗಿ ಕೈ ಬೀಸುವವನ ಮೊಣಕಾಲಿನ ಹಿಂಬದಿಗೆ ಬಿಸಿಲು ತಾಗದಂತೆ ಏನನ್ನಾದರೂ ಬಳಿಯಬೇಕೆಂಬುದನ್ನು ಹೇಳಿಕೊಡಲು ಅವನ ಗುರುಗಳು ಮರೆತಿದ್ದರೆಂದು ತೋರುತ್ತದೆ.