ತ್ಯಾವಣಿಗೆ ಆಂಗ್ಲ ಶಬ್ದಾನುಶಾಸನಂ

ಭಟ್ಟಾಕಳಂಕದೇವ 1604ರಲ್ಲಿ ಕನ್ನಡಕ್ಕೊಂದು ವ್ಯಾಕರಣ ಬರೆದ, ಬರೆದದ್ದು ಸಂಸ್ಕೃತದಲ್ಲಿ. ಕಿಟೆಲ್ ಪಾದ್ರಿಗಳು 1894ರಲ್ಲಿ ಕನ್ನಡಕ್ಕೊಂದು ನಿಘಂಟು ಕೊಟ್ಟರು. ಅವರು ಜರ್ಮನಿಯವರು, ಅರ್ಥ ಹೇಳಿದ್ದು ಇಂಗ್ಲಿಷಿನಲ್ಲಿ. ಹೊರಗಿನ ನುಡಿಗಳು ನಮ್ಮ ನುಡಿಗೆ ಇಷ್ಟೆಲ್ಲ ಮಾಡಿರುವಾಗ ಋಣ ತೀರಿಸದೆ ಕೂರುವುದು ಚನ್ನಗಿರಿ ತಾಲ್ಲೂಕಿನವರ ಜಾಯಮಾನವಲ್ಲ. ಆದಕಾರಣ ಇಂಗ್ಲಿಷಿಗೆ ಕನ್ನಡದಲ್ಲಿ ಈ ಅನುಶಾಸನವನ್ನು ರಚಿಸಿದ್ದೇವೆ. ಆಕರ: ತ್ಯಾವಣಿಗೆಯಲ್ಲಿ ದಾವಣಗೆರೆ ಬಸ್ಸಿಗೆ ಕಾಯುವಾಗ ಕಿವಿಗೆ ಬಿದ್ದ ಪ್ರಯೋಗಗಳು. ಬಸ್ಸು ತಡವಾದಷ್ಟೂ ಆಕರ ಸಮೃದ್ಧವಾಯಿತು.

ಶಾಸ್ತ್ರದ ಪದ್ಧತಿಯಂತೆ ಮೊದಲು ಪೂರ್ವಪಕ್ಷ. ಇಲ್ಲಿ ಪೂರ್ವಪಕ್ಷಿ ಹಬ್ಬಕ್ಕೆ ಬೆಂಗಳೂರಿನಿಂದ ಬಂದ ಅಳಿಯ. "ಬಸ್ಸು ಅಲ್ಲ ಮಾವ, ಬಸ್" ಎಂದು ತಿದ್ದುವವನು. ಬಾಯಲ್ಲಿ ಹೋಳಿಗೆ ಇದ್ದಾಗಲೂ ಸುಮ್ಮನಿರದವನು. "ನಿಮ್ಮ ಕಡೆಯವರಿಗೆ ಇಂಗ್ಲಿಷಿನ ರೂಲ್ಸೇ ಗೊತ್ತಿಲ್ಲ" ಎಂಬುದು ಅವನ ವಾದ. ರೂಲ್ಸಿಗೆ ಕನ್ನಡದ ಏಕಾರ ಹಚ್ಚಿ ಮಾತಾಡಿದಾಗಲೇ ಅವನು ವಾದದಲ್ಲಿ ಸೋತ. ಆದರೂ ಸಿದ್ಧಾಂತ ಹೇಳಬೇಕಲ್ಲ, ಹೇಳುತ್ತೇವೆ.

ಸೂತ್ರ: ಹ್ರಸ್ವಾದ್ ದ್ವಿತ್ವಮ್, ಉಕಾರಶ್ಚ. ವೃತ್ತಿ: ಹ್ರಸ್ವದ ಮುಂದಿನ ವ್ಯಂಜನ ಇಮ್ಮಡಿಸಿ ಕೊನೆಗೆ ಉ ಸೇರುತ್ತದೆ, ದೀರ್ಘದ ಮುಂದೆ ಬರಿ ಉ. ಪ್ರಯೋಗ: ತೋಟಕ್ಕೆ ಹಾಕಿಸಿದ್ದು ಡ್ರಿಪ್ಪು, ಅದಕ್ಕೆ ತಂದದ್ದು ಪೈಪು, ಸಹಿ ಹಾಕಿದ್ದು ಪೆನ್ನು, ತಲೆಗೆ ಬಂದದ್ದು ಲೋನು. "ಡ್ರಿಪು" ಎಂದೋ "ಲೋನ್ನು" ಎಂದೋ ಅಂದವನನ್ನು ಈ ಸೀಮೆಯಲ್ಲಿ ಯಾರಾದರೂ ಹುಡುಕಿ ತರಲಿ. ಕಲ್ಲು–ಕಾಲು, ಹಲ್ಲು–ಹಾಲುಗಳನ್ನು ಆಳಿದ ನಿಯಮವೇ ಇದು. ಇಂಗ್ಲಿಷರಿಗೂ ತಿಳಿಯದ್ದೇನಲ್ಲ: ಸಿಟ್ಟಿಂಗ್ ಬರೆಯುವಾಗ ಟಿ ಅಕ್ಷರವನ್ನು ಎರಡು ಸಲ ಬರೆಯುತ್ತಾರೆ, ಸೀಟಿಂಗ್ ಬರೆಯುವಾಗ ಒಂದೇ ಸಲ. ಆದರೆ ಆ ಎರಡನೆಯ ಟಿ ಅವರ ಬಾಯಲ್ಲಿ ಕೇಳಿಸುವುದಿಲ್ಲ. ನಿಯಮವನ್ನು ಕಾಗದದ ಮೇಲಷ್ಟೇ ಪಾಲಿಸುವವರು ಯಾರು, ಬಾಯಿತುಂಬ ಪಾಲಿಸುವವರು ಯಾರು ಎಂಬುದನ್ನು ಅಳಿಯನೇ ತೀರ್ಮಾನಿಸಲಿ.

ಸಂಧಿಪ್ರಕರಣದಲ್ಲಿ ಹೆಚ್ಚು ಹೇಳುವುದಕ್ಕಿಲ್ಲ. ನಾಲ್ಕು ಬಿಡಿ ಅಕ್ಷರಗಳನ್ನು ಒಂದೇ ಉಸಿರಿನಲ್ಲಿ "ಎಸ್ಸೆಸ್ಸೆಲ್ಸಿ" ಮಾಡಿದ್ದನ್ನು ಕಂಡಿದ್ದರೆ ಕೇಶಿರಾಜ ತನ್ನ ಸಂಧಿಪ್ರಕರಣಕ್ಕೆ ಒಂದು ಕಂದಪದ್ಯ ಹೆಚ್ಚಿಗೆ ಬರೆಯುತ್ತಿದ್ದ. ಬಿ ಮತ್ತು ಎ ನಡುವೆ ಯಕಾರ ಬಂದು "ಬೀಯೆ" ಆಗುವುದು ಶುದ್ಧ ಆಗಮ ಸಂಧಿ. ಕೆಇಬಿ ಹೋಗಿ 1999ರಲ್ಲಿ ನಿಗಮ ಬಂತು, 2002ರಲ್ಲಿ ಬೆಸ್ಕಾಂ ಬಂತು. ಆದರೂ ತೋಟದ ಟಿಸಿ ಸುಟ್ಟರೆ ಜನ ಫೋನ್ ಮಾಡುವುದು "ಕೇಯೀಬಿ"ಯವರಿಗೇ. ಬೆಸ್ಕಾಂ ಎಂಬಲ್ಲಿ ಸಂಧಿಗೆ ಅವಕಾಶವೇ ಇಲ್ಲ, ಜನರ ನಾಲಿಗೆ ಒಪ್ಪುವುದಾದರೂ ಹೇಗೆ?

ಇನ್ನು ಉಚ್ಚಾರಣೆ. ಕ್ಯಾಟ್, ಬ್ಯಾಡ್ ಎಂಬಲ್ಲಿನ ಸ್ವರ ಕಲಿಯಲು ಎಷ್ಟೋ ದೇಶದವರು ಒದ್ದಾಡುತ್ತಾರೆ. ಇಲ್ಲಿ ಅದು ತೊಟ್ಟಿಲಿನಿಂದಲೇ ಬರುತ್ತದೆ: ಬ್ಯಾಡ, ಮ್ಯಾಲೆ, ದ್ಯಾವ್ರು. ಊರಿನ ಹೆಸರಿನ ಮೊದಲಕ್ಷರದಲ್ಲೇ ಅದು ಕೂತಿದೆ. ಅಂಥ ಊರಿನವರು "ತ್ಯಾಂಕ್ಸ್" ಅಂದರೆ ಅಳಿಯನಿಗೆ ಕಸಿವಿಸಿ. ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ತೂರಿಸಿ ಗಾಳಿ ಬಿಡಬೇಕಂತೆ. ಎಲೆಅಡಿಕೆ ಬಾಯಲ್ಲಿರುವಾಗ ಇದು ಎದುರು ನಿಂತವರ ಬಿಳಿ ಅಂಗಿಗೆ ಕ್ಷೇಮವಲ್ಲ. ಅಡಿಕೆ ಬೆಳೆಯುವ ಸೀಮೆಯಲ್ಲಿ ಅದು ಬಾಯಲ್ಲಿ ಇಲ್ಲದ ಹೊತ್ತಾದರೂ ಯಾವುದು? ಇಷ್ಟಕ್ಕೂ ಥೇಮ್ಸ್ ಎಂದು ಬರೆದು "ಟೆಮ್ಸ್" ಎನ್ನುವವರು ಲಂಡನ್ನಿನವರೇ.

ಫಕಾರವನ್ನು ಪಕಾರ ಮಾಡುವುದರಲ್ಲಿ ಒಂದು ತೊಡಕುಂಟು, ಮುಚ್ಚಿಡುವುದಿಲ್ಲ. ಜೆರಾಕ್ಸ್ ಅಂಗಡಿ, ಅದಕ್ಕೆ ಅಂಟಿಕೊಂಡೇ ಹೋಟೆಲ್ಲು. ಪಹಣಿ ಹಿಡಿದು ಬಂದ ರೈತ "ಎಲ್ಡು ಕಾಪಿ ಕೊಡಣ್ಣ" ಅಂದ. ಜೆರಾಕ್ಸಿನವನು "ಒಂದ್ ಕಡೆನೋ, ಎಲ್ಡೂ ಕಡೆನೋ?" ಎಂದು ಕೇಳುವಷ್ಟರಲ್ಲಿ ಹೋಟೆಲಿನ ಹುಡುಗ ಎರಡು ಲೋಟ ತಂದು ಮೆಷಿನ್ನಿನ ಮೇಲಿಟ್ಟ. "ಹೂಂ, ಎಲ್ಡೂ ಕಡೆ" ಎಂದ ರೈತ, ಒಂದನ್ನು ತಾನು ಕುಡಿದು ಇನ್ನೊಂದನ್ನು ಜೆರಾಕ್ಸಿನವನ ಕೈಗಿತ್ತ. ಪಹಣಿಯ ಕಾಪಿಯೂ ಸಿಕ್ಕಿತು. ಆಲಂಕಾರಿಕರು ಶ್ಲೇಷೆ ಎನ್ನುವುದು ಇದನ್ನೇ. ಲಕ್ಷಣಗ್ರಂಥಗಳು ಕೊಡುವ ಶ್ಲೇಷೆಗಳಲ್ಲಿ ಎರಡು ಅರ್ಥ ಹೊರಡುತ್ತವೆಯೇ ಹೊರತು ಎರಡು ಬಿಲ್ಲು ಹೊರಡುವುದಿಲ್ಲ.

ಮೌನಾಕ್ಷರಗಳ ವಿಷಯದಲ್ಲಿ ನಮ್ಮ ಮಕ್ಕಳ ಮೇಲೆ ನಡೆದಿರುವ ಅನ್ಯಾಯ ಸಣ್ಣದಲ್ಲ. ಸ್ಪೆಲ್ಲಿಂಗ್ ಉರುಹೊಡೆಯುವ ಮಗು ನೇಮ್ ಎಂಬುದನ್ನು "ನಾಮೆ" ಎಂದೂ, ನೈಫ್ ಎಂಬುದನ್ನು "ಕ್ನಿಫೆ" ಎಂದೂ ಓದುತ್ತದೆ, ಬೆತ್ತ ಏಳುತ್ತದೆ. 1400ರಲ್ಲಿ ತೀರಿಕೊಂಡ ಚಾಸರ್ ಕವಿಯ ಕಾಲದಲ್ಲಿ ಇಂಗ್ಲಿಷರೇ ಅದನ್ನು ಹೆಚ್ಚುಕಡಿಮೆ "ನಾಮ" ಎನ್ನುತ್ತಿದ್ದರು, ನೈಫಿನ ಕಕಾರವನ್ನೂ ಗಟ್ಟಿಯಾಗಿ ನುಡಿಯುತ್ತಿದ್ದರು. ಆಮೇಲಿನ ಮುನ್ನೂರು ವರ್ಷಗಳಲ್ಲಿ ಅವರ ದೀರ್ಘಸ್ವರಗಳೆಲ್ಲ ಬಾಯೊಳಗೆ ಜಾಗ ಬದಲಿಸಿದವು. ಸ್ಪೆಲ್ಲಿಂಗ್ ಹಳೇ ಮನೆಯಲ್ಲೇ ಉಳಿಯಿತು. ಮಗುವಿನ ಉಚ್ಚಾರ ಸರಿಯಾಗಿಯೇ ಇದೆ, ಹುಟ್ಟಿದ್ದು ಆರುನೂರು ವರ್ಷ ತಡ. ಸಾಲ ಎಂಬರ್ಥದ ಡೆಟ್‌ನಲ್ಲಿರುವ ಬಿ ಅಕ್ಷರವಂತೂ ಮೊದಲು ಇರಲೇ ಇಲ್ಲ. ಲ್ಯಾಟಿನ್ ಓದಿದ ಪಂಡಿತರು ಪದಕ್ಕೆ ಘನತೆ ಬರಲೆಂದು ಆಮೇಲೆ ತುರುಕಿದರು. ಸಾಲ ಕೊಡುವಾಗ ಬಾಯಲ್ಲಿ ಹೇಳದೆ ಪತ್ರದಲ್ಲಿ ಸೇರಿಸಿಕೊಳ್ಳುವ ಚಾರ್ಜಿನ ಹಾಗೆ ಅದು ಕಾಣುತ್ತದೆ, ಕೇಳಿಸುವುದಿಲ್ಲ.

ಪದಾರ್ಥದಲ್ಲಿ ಅಳಿಯನ ದೊಡ್ಡ ಆಕ್ಷೇಪ "ಚಾನಲ್". ಭದ್ರಾ ನಾಲೆ ಕೆನಾಲ್, ಚಾನಲ್ ಎಂದರೆ ಟಿವಿಯದ್ದು ಎಂದು ಅವನ ಹಟ. ಎರಡೂ ಲ್ಯಾಟಿನ್ನಿನ ಕನಾಲಿಸ್ ಎಂಬ ಒಂದೇ ತಾಯಿಯ ಮಕ್ಕಳೆಂದು ಅವನಿಗೆ ಯಾರು ಹೇಳಬೇಕು? ಟೇಲ್‌ಎಂಡಿನ ರೈತನಿಗಂತೂ ಈ ಭೇದ ಅನುಭವಕ್ಕೇ ಬಂದಿಲ್ಲ. ಚಾನಲ್ಲಿನಲ್ಲಿ ನೀರು ಬಿಟ್ಟದ್ದನ್ನು ಅವನು ಬಹಳ ಸಲ ನೋಡುವುದು ಟಿವಿ ಚಾನಲ್ಲಿನಲ್ಲೇ.

ವಾಕ್ಯಪ್ರಕರಣಕ್ಕೆ ಬಂದರೆ, "ಹಿ ಈಸ್ ದೇರ್ ಓನ್ಲಿ" ಎಂಬುದು "ಅವ ಅಲ್ಲೇ ಅದಾನೆ" ಎಂಬುದರ ಏಕಾರಕ್ಕೆ ಸಂದ ಗೌರವ. "ನಾನು ತ್ಯಾವಣಿಗೆಯವನು" ಎನ್ನಲು ಕನ್ನಡಕ್ಕೆ ಕ್ರಿಯಾಪದವೇ ಬೇಕಿಲ್ಲ. ಆದ್ದರಿಂದ "ಮೈಸೆಲ್ಫ್ ಫ್ರಮ್ ತ್ಯಾವಣಿಗೆ" ಎಂಬಲ್ಲಿ ಆಮ್ ಉಳಿತಾಯವಾಗಿದೆ. ಉಳಿಸಿದ ಆಮ್ ಅನ್ನು "ಐ ಆಮ್ ಹ್ಯಾವಿಂಗ್ ಟೂ ಎಕ್ರೆ ತೋಟ" ಎಂಬಲ್ಲಿ ಖರ್ಚು ಮಾಡುತ್ತಾರೆ. ಲೆಕ್ಕ ಸರಿಹೋಯಿತು.

ಆದರೆ "ಕಸಿನ್ ಬ್ರದರ್", "ಕಸಿನ್ ಸಿಸ್ಟರ್" ಎಂಬವನ್ನು ತಪ್ಪು ಎನ್ನುವವರ ಜೊತೆ ನಾವು ನಗೆಯಾಡುವುದಿಲ್ಲ; ಇದು ವಂಶದ ಪ್ರಶ್ನೆ. ಚಿಕ್ಕಪ್ಪನ ಮಗಳೂ ಇಂಗ್ಲಿಷಿನಲ್ಲಿ ಕಸಿನ್, ಸೋದರಮಾವನ ಮಗಳೂ ಕಸಿನ್. ಮೊದಲನೆಯವಳು ತಂಗಿ, ಎರಡನೆಯವಳ ಜಾತಕ ಬರುವ ಸಾಧ್ಯತೆ ಇದೆ. ಇಬ್ಬರನ್ನೂ ಒಂದೇ ಪದದಲ್ಲಿ ಕಟ್ಟಿಹಾಕಿದ ಭಾಷೆಯನ್ನು ನಂಬಿ ನಮ್ಮವರು ಕಲ್ಯಾಣಮಂಟಪಕ್ಕೆ ಅಡ್ವಾನ್ಸ್ ಕೊಡುವುದು ಹೇಗೆ? ಅದಕ್ಕೇ ತಂಗಿಯಾದವಳಿಗೆ ಸಿಸ್ಟರ್ ಎಂಬ ಮುದ್ರೆ ಒತ್ತಿ ಪಕ್ಕಕ್ಕಿಡುತ್ತಾರೆ. ಇನ್ನೊಬ್ಬಳನ್ನು ಏನೆಂದು ಪರಿಚಯಿಸಬೇಕು ಎಂದು ಹುಡುಗರನ್ನು ಕೇಳಿ ನೋಡಿದೆವು. ಯಾರೂ ಬಾಯಿ ಬಿಡಲಿಲ್ಲ. ಒಬ್ಬ ಮಾತ್ರ ಕಿವಿ ಕೆಂಪು ಮಾಡಿಕೊಂಡ.

ಕೊನೆಯದು ಗಿಕಾರ ಪ್ರಕರಣ. ಕರೆಂಟು ಗಿರೆಂಟು, ಟ್ಯಾಕ್ಸು ಗೀಕ್ಸು, ಇಂಗ್ಲಿಷು ಗಿಂಗ್ಲಿಷು: ಹಿಂದೆ ಗಿಕಾರದ ಜೋಡಿ ಬಾರದ ತನಕ ಯಾವ ಪರದೇಶಿ ಪದಕ್ಕೂ ಇಲ್ಲಿ ರೇಷನ್ ಕಾರ್ಡ್ ಇಲ್ಲ. ಇಲ್ಲಿ ಒಂದು ಸಮಸ್ಯೆ ಬಗೆಹರಿಯದೆ ಉಳಿದಿದೆ. ಮೊದಲೇ ಗಿಕಾರದಿಂದ ಶುರುವಾಗುವ "ಗಿಫ್ಟು" ಎಂಬುದಕ್ಕೆ ಜೋಡಿ ಯಾವುದು? ಒಂದು ಪಕ್ಷ "ಗಿಫ್ಟು ಪಿಫ್ಟು" ಎನ್ನುತ್ತದೆ, ಇನ್ನೊಂದು "ಗಿಫ್ಟು ಪಫ್ಟು" ಎನ್ನುತ್ತದೆ. ಎರಡೂ ಪಕ್ಷದವರು ಒಂದೇ ಮನೆಯ ಬೀಗರಾದಲ್ಲಿ ಜಗಳ ವಿಪರೀತವಾಗುವುದರಿಂದಲೇ ಮದುವೆ ಕಾರ್ಡಿನ ಅಡಿಯಲ್ಲಿ "ಆಶೀರ್ವಾದವೇ ಉಡುಗೊರೆ" ಎಂದು ಅಚ್ಚು ಹಾಕಿಸುವ ರೂಢಿ ಬಂದಿರಬೇಕೆಂದು ನಮ್ಮ ಊಹೆ.